ರಜೆ ಮುಗಿಯದ ಗಂಡ

'ಯುದ್ಧಕಾಲೇ ಶಸ್ತ್ರಾಭ್ಯಾಸ' ಎಂದು ಹಿರಿಯರು ಗೇಲಿ ಮಾಡುತ್ತಿದ್ದರು. ಪರೀಕ್ಷೆಯ ಹಿಂದಿನ ರಾತ್ರಿ ಪುಸ್ತಕ ಬಿಚ್ಚುವ ಮಕ್ಕಳಿಗೂ, ನೆಂಟರು ಗೇಟು ತೆರೆದ ಮೇಲೆ ಒಲೆ ಹಚ್ಚುವ ನಮ್ಮಂಥ ಗೃಹಿಣಿಯರಿಗೂ ಈ ಮಾತು ಸಲ್ಲುತ್ತದೆ. ಆದರೆ ನಿಜವಾಗಿಯೂ ಯುದ್ಧ ಮಾಡಿ ಬಂದವರ ಪಾಡೇ ಬೇರೆ. ಅವರ ಶಸ್ತ್ರಾಭ್ಯಾಸವೆಲ್ಲ ಹೊತ್ತಿಗೆ ಸರಿಯಾಗಿ ಮುಗಿದಿರುತ್ತದೆ. ಬಾಕಿ ಉಳಿಯುವುದು ಸಂಸಾರಾಭ್ಯಾಸ. ಅದು ಶುರುವಾಗುವುದೇ ಪಿಂಚಣಿ ಪುಸ್ತಕ ಕೈಗೆ ಬಂದ ಮೇಲೆ.

ನಮ್ಮ ಸಿನಿಮಾಗಳು ಸೈನಿಕನನ್ನು ಸಾಮಾನ್ಯವಾಗಿ ಎರಡು ಕಡೆ ನಿಲ್ಲಿಸುತ್ತವೆ. ಒಂದು, ಹೊರಡುವ ರೈಲಿನ ಬಾಗಿಲಲ್ಲಿ. ಇನ್ನೊಂದು, ಗಂಧದ ಹಾರ ಹಾಕಿದ ಫೋಟೋದಲ್ಲಿ. 1990ರಲ್ಲಿ ಬಂದ 'ಮುತ್ತಿನ ಹಾರ'ದಲ್ಲಿ ವಿಷ್ಣುವರ್ಧನ್ ಕೊಡಗಿನ ಯೋಧನಾಗಿ ನಮ್ಮ ಸೆರಗನ್ನೆಲ್ಲ ಒದ್ದೆ ಮಾಡಿಸಿದರು. ಆದರೆ ಯುದ್ಧ ಮುಗಿಸಿ, ಕೈಕಾಲು ಗಟ್ಟಿಯಾಗಿದ್ದು, ಮೂವತ್ತೈದು ತುಂಬುವ ಹೊತ್ತಿಗೆ ಮನೆ ಸೇರಿ, ಜಗುಲಿಯ ಮೇಲೆ ಕಾಲು ಚಾಚಿ 'ಇನ್ನೊಂದು ಲೋಟ ಕಾಫಿ ತಾ' ಎನ್ನುವ ಯೋಧನನ್ನು ಎಷ್ಟು ಸಲ ನೋಡಿದ್ದೇವೆ? ಹಿಂದಿಯಲ್ಲಿ 1976ರ 'ಛೋಟೀ ಸೀ ಬಾತ್' ಚಿತ್ರದ ನಿವೃತ್ತ ಕರ್ನಲ್ ಒಬ್ಬರಿದ್ದಾರೆ. ಅಶೋಕ್ ಕುಮಾರ್ ಆ ಪಾತ್ರದಲ್ಲಿ ನಾಚಿಕೆಯ ಹುಡುಗನೊಬ್ಬನಿಗೆ ಪ್ರೇಮದ ಪಾಠ ಹೇಳಿಕೊಡುತ್ತಾರೆ. ಆ ಕರ್ನಲ್ ಸಾಹೇಬರಿಗಾದರೂ ಖಂಡಾಲದಲ್ಲಿ ಮನೆಯಿತ್ತು. ನಮ್ಮ ಮನೆಗೆ ಬಂದ ಯೋಧರ ಬಳಿ ಇದ್ದದ್ದು ಒಂದು ಕಪ್ಪು ಟ್ರಂಕು, ಒಂದು ಹೋಲ್ಡಾಲು, ಬಿಳಿ ಬಣ್ಣ ಎದ್ದುಹೋದ ಒಂದು ಎನಾಮಲ್ ಮಗ್ಗು. ಆದರೂ ಪ್ರೇಮದ ಪಾಠಕ್ಕೆ ಕೊರತೆಯಾಗಲಿಲ್ಲ. ಆ ಪಾಠ ಹೇಳಿಕೊಟ್ಟವರು ಮಾತ್ರ ಅವರಲ್ಲ.

ಜಯನಗರ ಈಗಿನ ಹಾಗೆ ಇರಲಿಲ್ಲ. 1948ರಲ್ಲಿ ರಾಜಾಜಿಯವರ ಕೈಯಲ್ಲಿ ಶಂಕುಸ್ಥಾಪನೆಯಾದ ಬಡಾವಣೆ 1973ರ ಹೊತ್ತಿಗೂ ಅರ್ಧ ಊರು, ಅರ್ಧ ಬಯಲು. ನಮ್ಮ ತಂದೆಗೆ ಸಿ.ಐ.ಟಿ.ಬಿ.ಯಿಂದ ಮೂರನೆಯ ಬ್ಲಾಕಿನಲ್ಲಿ ಸೈಟು ಸಿಕ್ಕಿ, ಮುಂದೆ ಮನೆ, ಹಿಂದೆ ಎರಡು ಕೋಣೆಯ ಔಟ್‌ಹೌಸು ಕಟ್ಟಿಸಿದ್ದರು. ಆ ಔಟ್‌ಹೌಸಿನಲ್ಲಿ ನಮ್ಮ ಅತ್ತೆ ಇಬ್ಬರು ಮಕ್ಕಳನ್ನಿಟ್ಟುಕೊಂಡು ಇದ್ದರು. ಅತ್ತೆಯೆಂದರೆ ನಮ್ಮ ಸೋದರಮಾವನ ಹೆಂಡತಿ. ಮಾವ ಹಲಸೂರಿನ ಮದ್ರಾಸ್ ಸ್ಯಾಪರ್ಸ್‌ನಲ್ಲಿ ಹವಾಲ್ದಾರ. ಹಲಸೂರು ಜಯನಗರದಿಂದ ಒಂದು ಗಂಟೆಯ ಬಸ್ಸಿನ ದಾರಿ ನಿಜ. ಆದರೆ ಮಾವ ಹಲಸೂರಿನಲ್ಲಿ ಇದ್ದದ್ದು ತರಬೇತಿಯ ಕಾಲದಲ್ಲಿ ಮಾತ್ರ. ಆಮೇಲೆ ಅವರ ವಿಳಾಸ '56 ಎ.ಪಿ.ಒ.' ಎಂಬ ಮೂರಕ್ಷರ. ಲಡಾಖಿನಲ್ಲಿದ್ದರೂ ಅದೇ, ಪಂಜಾಬಿನಲ್ಲಿದ್ದರೂ ಅದೇ. ನಮ್ಮ ಅಜ್ಜಿ ಸಾಯುವವರೆಗೂ ಅದೊಂದು ಊರಿನ ಹೆಸರೆಂದೇ ನಂಬಿದ್ದರು. 'ಎಪಿಯೋದಲ್ಲಿ ಮಳೆ ಹೇಗಿದೆಯಂತೆ?' ಎಂದು ಕೇಳುತ್ತಿದ್ದರು.

ಸಿಪಾಯಿಗಳು ಇಷ್ಟು ಚಿಕ್ಕ ವಯಸ್ಸಿಗೇ ನಿವೃತ್ತರಾಗುವುದೇಕೆ ಎಂದು ನೀವು ಕೇಳಬಹುದು. ಕಾಳಗಕ್ಕೆ ಎಳೆಯ ಮೈ ಬೇಕು, ಅಷ್ಟೇ ಕಾರಣ. ಗುಮಾಸ್ತನಿಗೆ ಐವತ್ತೈದಕ್ಕೆ ಹಾರ ಹಾಕುವ ಕಾಲದಲ್ಲಿ ಸಿಪಾಯಿಗೆ ಮೂವತ್ತೈದಕ್ಕೆ ಹಾಕಿ ಕಳಿಸುತ್ತಿದ್ದರು. ಹದಿನೈದು ವರ್ಷ ತುಂಬಿದರೆ ಪಿಂಚಣಿ. ಮಾವ ಹದಿನಾರು ವರ್ಷ ದುಡಿದು 1973ರಲ್ಲಿ ಮನೆಗೆ ಬಂದರು. ಅವರು ಕಂಡ ಯುದ್ಧಗಳು ಮೂರು: 1962, 1965, 1971.

ಅತ್ತೆಗೆ ಮದುವೆಯಾದದ್ದು 1962ರ ಬೇಸಿಗೆಯಲ್ಲಿ. ಆ ಅಕ್ಟೋಬರಿನಲ್ಲೇ ಚೀನಾ ಯುದ್ಧ. ಸೈನ್ಯದಲ್ಲಿ ವಾರ್ಷಿಕ ರಜೆ ವರ್ಷಕ್ಕೆ ಎರಡು ತಿಂಗಳು. ಹನ್ನೊಂದು ವರ್ಷಕ್ಕೆ ಕೂಡಿಸಿದರೆ ಇಪ್ಪತ್ತೆರಡು ತಿಂಗಳು. ಅದರಲ್ಲಿ ಯುದ್ಧ ನುಂಗಿದ ರಜೆ, ರೈಲಿನಲ್ಲಿ ಕಳೆದ ದಿನಗಳು, ನೆಂಟರ ಮನೆ ಸುತ್ತಿದ ದಿನಗಳು ಕಳೆಯಿರಿ. ಹನ್ನೊಂದು ವರ್ಷದ ದಾಂಪತ್ಯದಲ್ಲಿ ಗಂಡ ಹೆಂಡತಿ ಒಂದೇ ಸೂರಿನಡಿ ಉಂಡದ್ದು ಒಂದೂವರೆ ವರ್ಷ. ಇಬ್ಬರು ಮಕ್ಕಳಿದ್ದರೂ ಅವರಿಬ್ಬರೂ ಒಬ್ಬರಿಗೊಬ್ಬರು ಹೊಸಬರೇ. ಗಂಡನಿಗೆ ಸಾರಿಗೆ ಎಷ್ಟು ಖಾರ ಬೇಕೆಂದು ಅತ್ತೆಗೆ ತಿಳಿಯದು. ಅತ್ತೆ ಹುಳಿಗೆ ಬೆಲ್ಲ ಹಾಕುತ್ತಾಳೆಂದು ಮಾವನಿಗೆ ತಿಳಿಯದು.

ಮಾವನ ಜೊತೆಗೆ ಇನ್ನಿಬ್ಬರು ಬಂದರು. ಒಬ್ಬರು ಮಿಲಿಟರಿ ಲಾರಿ ಓಡಿಸುತ್ತಿದ್ದವರು, ಮಕ್ಕಳಿಗೆಲ್ಲ 'ಡ್ರೈವರ್ ಮಾಮ'. ಇನ್ನೊಬ್ಬರು ಸಿಗ್ನಲ್ಸ್‌ನಲ್ಲಿದ್ದವರು, 'ವೈರ್‌ಲೆಸ್ ಮಾಮ'. ಇವರಿಗೆ ಮದುವೆಯಾಗಿರಲಿಲ್ಲ. ಇಬ್ಬರೂ ಸೇರಿ ನಮ್ಮ ಬೀದಿಯ ಕೊನೆಯಲ್ಲಿ ಒಂದು ಕೋಣೆ ಹಿಡಿದರು. ಮೂವರಿಗೂ ಕೆಲಸವಿಲ್ಲ, ಚಿಂತೆಯೂ ಇಲ್ಲ. ಬೆಳಗಿನ ಐದು ಗಂಟೆಗೆ ಎದ್ದು ಲಾಲ್‌ಬಾಗಿನ ಬಂಡೆಯವರೆಗೆ ನಡೆದು ಬರುವರು. ಬಂದವರೇ ನಮ್ಮ ಕಾಂಪೌಂಡಿನಲ್ಲಿ ಕುಳಿತು ಕಾಫಿ ಕುಡಿಯುವರು. ಹನ್ನೊಂದಕ್ಕೆ ಇಸ್ಪೀಟು. ಮಧ್ಯಾಹ್ನ ನಿದ್ದೆ. ಸಂಜೆ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಲೆಫ್ಟ್ ರೈಟ್. ರಾತ್ರಿ ಕ್ಯಾಂಟೀನಿನ ಒಂದು ಬಾಟಲಿ ಬಗ್ಗೆ ಪಿಸುಮಾತು. ಎಂಪ್ಲಾಯ್‌ಮೆಂಟ್ ಎಕ್ಸ್‌ಚೇಂಜಿನಲ್ಲಿ ಹೆಸರು ಬರೆಸಿ ಬಂದಿದ್ದರು. ಅದೊಂದು ಬಿಟ್ಟರೆ ನೌಕರಿಯ ಮಾತಿಲ್ಲ.

'ಏನೋ, ಹೀಗೇ ಕೂತರೆ ಹೇಗೋ? ನಾಲ್ಕು ಕಡೆ ಹೋಗಿ ಕೇಳಬಾರದೇ?' ಎಂದು ಅಮ್ಮ ತಮ್ಮನನ್ನು ಗದರಿದರೆ ಮಾವ ನಗುತ್ತಿದ್ದರು. ಒಂದು ದಿನ ಮಾತ್ರ ನಗದೆ ಹೇಳಿದರು: 'ಅಕ್ಕ, ಹದಿನಾರು ವರ್ಷ ಬೆಳಿಗ್ಗೆ ಎದ್ದರೆ ಇವತ್ತು ಎಲ್ಲಿ ಹೋಗಬೇಕು ಅಂತ ಬೇರೆಯವರು ಹೇಳೋರು. ಯಾರೂ ಹೇಳದ ದಿನ ಹೇಗಿರುತ್ತೆ ಅಂತ ನೋಡ್ತಾ ಇದ್ದೀನಿ. ಸ್ವಲ್ಪ ದಿನ ನೋಡಲಿಕ್ಕೆ ಬಿಡು.' ಅಮ್ಮ ಸುಮ್ಮನಾದರು. ಆದರೆ ಅತ್ತೆ ಸುಮ್ಮನಿರುವ ಹಾಗಿರಲಿಲ್ಲ. ಏಕೆಂದರೆ ತಮಗೆ ಆಜ್ಞೆ ಮಾಡುವವರಿಲ್ಲದಾಗ ಮಾವ ಅತ್ತೆಗೆ ಆಜ್ಞೆ ಮಾಡತೊಡಗಿದ್ದರು.

ಮೊದಲ ದಾಳಿ ಅಡುಗೆಮನೆಯ ಮೇಲೆ. ಅತ್ತೆ ಕಾರ್ಪೊರೇಷನ್ ನಲ್ಲಿಯ ಮುಂದೆ ಬಿಂದಿಗೆ ಹಿಡಿದು ನಿಂತಿದ್ದ ಒಂದು ಗಂಟೆಯಲ್ಲಿ ಮಾವ ಡಬ್ಬಿಗಳನ್ನೆಲ್ಲ ಇಳಿಸಿ, ಒರೆಸಿ, ಎತ್ತರದ ಪ್ರಕಾರ ಸಾಲಾಗಿ ಜೋಡಿಸಿ, ಪ್ರತಿಯೊಂದಕ್ಕೂ ಚೀಟಿ ಅಂಟಿಸಿದರು. ಚೀಟಿಯ ಮೇಲೆ ಸೈನ್ಯದಲ್ಲಿ ಕಲಿತ ಹಿಂದೂಸ್ತಾನಿ, ಅದೂ ಇಂಗ್ಲಿಷ್ ಅಕ್ಷರದಲ್ಲಿ: ನಮಕ್, ಚೀನಿ, ಹಲ್ದಿ, ಮಿರ್ಚಿ. ಅತ್ತೆ ಕನ್ನಡ ಶಾಲೆಯಲ್ಲಿ ನಾಲ್ಕನೆಯ ಕ್ಲಾಸು ಓದಿದವರು. ಅಂದಿನ ಪಾಯಸಕ್ಕೆ ಉಪ್ಪು ಬಿತ್ತು. ಅತ್ತೆ ಬೇಕೆಂದೇ ಹಾಕಿದರೆಂದು ಅಮ್ಮನ ಅನುಮಾನ. ಮೂವರು ಯೋಧರೂ ಒಂದೇ ಒಂದು ಮಾತಾಡದೆ ಲೋಟ ಖಾಲಿ ಮಾಡಿದರು. ಹಿಮದಲ್ಲಿ ಡಬ್ಬಿ ಊಟ ಉಂಡವರಿಗೆ ಅದೇನು ಮಹಾ? ಅತ್ತೆಗೆ ಸಿಟ್ಟು ಇನ್ನೂ ಏರಿತು. 'ಅತ್ತಿಗೆ, ಉಪ್ಪಿನ ಪಾಯಸ ಕುಡಿದು ಚೆನ್ನಾಗಿದೆ ಅನ್ನೋ ಗಂಡಸಿನ ಜೊತೆ ಜಗಳ ಆಡೋದಾದರೂ ಹೇಗೆ ಹೇಳಿ?' ಎಂದು ಅಮ್ಮನ ಮುಂದೆ ಗೋಳಾಡಿದರು.

ಮಾವನ ಗ್ರಾಚ್ಯುಯಿಟಿ ಹಣ ಬಂದಾಗ ಯುದ್ಧ ನಿಜವಾಗಿ ಕಾವೇರಿತು. ಮೂವರೂ ಸೇರಿ ಹಳೆಯ ವ್ಯಾನೊಂದನ್ನು ಕೊಂಡು ಬಾಡಿಗೆಗೆ ಓಡಿಸುವುದೆಂದು ತೀರ್ಮಾನಿಸಿದ್ದರು. ವ್ಯಾನಿನ ಬಣ್ಣವೂ ಗೊತ್ತಾಗಿತ್ತು. ಹೆಂಡತಿಯನ್ನು ಕೇಳಬೇಕೆಂಬುದು ಮಾತ್ರ ಮಾವನಿಗೆ ಹೊಳೆದಿರಲಿಲ್ಲ. ಆ ರಾತ್ರಿ ಔಟ್‌ಹೌಸಿನಿಂದ ಜೋರು ಮಾತು ಕೇಳಿಸಿತು, ಆಮೇಲೆ ಮೌನ. ಮರುದಿನ ಅತ್ತೆಯ ಬಾಯಿಂದ ಅಮ್ಮನಿಗೆ, ಅಮ್ಮನ ಬಾಯಿಂದ ನನಗೆ ತಿಳಿದದ್ದಿಷ್ಟು: ಅತ್ತೆ ಪೆಟ್ಟಿಗೆಯಿಂದ ಒಂದು ನೋಟುಪುಸ್ತಕ ತೆಗೆದು ಗಂಡನ ಮುಂದಿಟ್ಟಿದ್ದರು. ಹನ್ನೊಂದು ವರ್ಷ ಬಂದ ಒಂದೊಂದು ಮನಿಯಾರ್ಡರು, ಹೋದ ಒಂದೊಂದು ರೂಪಾಯಿ ಅದರಲ್ಲಿತ್ತು. ರವಿಕೆ ಹೊಲಿದು ಗಳಿಸಿದ್ದು ಬೇರೆ ಹಾಳೆಯಲ್ಲಿ. ಮಾವನ ತಂದೆ ಮಗನಿಗೆ ತಿಳಿಸದೆ ಮಾಡಿದ್ದ ಸಾಲವೊಂದಿತ್ತು. ಅದನ್ನು ಐದು ವರ್ಷ ಕಂತಿನಲ್ಲಿ ತೀರಿಸಿದ ಲೆಕ್ಕ ಇನ್ನೊಂದು ಹಾಳೆಯಲ್ಲಿ. ಕಾಗದದಲ್ಲಿ ಅತ್ತೆ ಅದನ್ನು ಬರೆದೇ ಇರಲಿಲ್ಲ. 'ಗಡಿಯಲ್ಲಿ ಇರೋರಿಗೆ ಸಾಲದ ಚಿಂತೆ ಯಾಕೆ ಅಂತ ಬರೀಲಿಲ್ಲ' ಎಂದಿದ್ದರಂತೆ.

ಮಾವ ಆ ಪುಸ್ತಕವನ್ನು ಮೊದಲ ಹಾಳೆಯಿಂದ ಕೊನೆಯ ಹಾಳೆಯವರೆಗೆ ಓದಿದರು. ಮಾರನೆಯ ಬೆಳಿಗ್ಗೆ ಐದು ಗಂಟೆಗೆ ಎದ್ದು, ಮುಖ ತೊಳೆದು, ಅತ್ತೆಯ ಮುಂದೆ ನಿಂತು ಕೇಳಿದರು: 'ಇವತ್ತು ನನಗೆ ಏನು ಡ್ಯೂಟಿ?'

ಅತ್ತೆ ರೇಷನ್ ಕಾರ್ಡು ಕೈಗಿಟ್ಟರು.

1973ರ ಕೊನೆಯ ಆ ತಿಂಗಳುಗಳು ನೆನಪಿರುವವರಿಗೆ ಇದು ಸಣ್ಣ ಡ್ಯೂಟಿಯಲ್ಲವೆಂದು ತಿಳಿದೀತು. ಪ್ರಪಂಚದಲ್ಲೆಲ್ಲ ಎಣ್ಣೆಯ ಬೆಲೆ ಏರಿತ್ತು. ಸೀಮೆಎಣ್ಣೆಗೆ ಸಾಲು, ಸಕ್ಕರೆಗೆ ಸಾಲು. ಸಾಲೆಂದರೆ ಹೆಸರಿಗೆ ಮಾತ್ರ. ಗಂಡಸರು ಮೊಣಕೈ ಹಾಕಿ ಮುಂದೆ ನುಗ್ಗುವರು, ಮಗುವನ್ನೆತ್ತಿಕೊಂಡ ಹೆಂಗಸರು ಡಬ್ಬ ಹಿಡಿದು ಹಿಂದೆ ಉಳಿಯುವರು, ಸರದಿ ಬರುವ ಹೊತ್ತಿಗೆ ಎಣ್ಣೆ ಮುಗಿದಿರುವುದು. ಮಾವ ಆ ಸಾಲನ್ನು ಒಂದು ಸಲ ನೋಡಿದರು. ಹೋಗಿ ಇನ್ನಿಬ್ಬರನ್ನು ಕರೆತಂದರು. ಅಂದಿನಿಂದ ನಮ್ಮ ರೇಷನ್ ಅಂಗಡಿಯ ಮುಂದೆ ಎರಡು ಸಾಲು, ಸೀಮೆಸುಣ್ಣದ ಗೆರೆ, ಕೈಗೆ ನಂಬರಿನ ಚೀಟಿ. ಬಸುರಿಯರಿಗೂ ಮುದುಕಿಯರಿಗೂ ಅಂಗಡಿಯ ಜಗುಲಿಯ ಮೇಲೆ ಜಾಗ. ನುಗ್ಗಲು ಬಂದವನನ್ನು ಡ್ರೈವರ್ ಮಾಮ ಮುಟ್ಟುತ್ತಲೂ ಇರಲಿಲ್ಲ, ಸುಮ್ಮನೆ ಅವನ ಮುಂದೆ ನಿಂತುಕೊಳ್ಳುತ್ತಿದ್ದರು. ಆರು ಅಡಿಯ ಮನುಷ್ಯ. ಅಷ್ಟು ಸಾಕಿತ್ತು. 'ಕೆಲಸವಿಲ್ಲದ ಮಿಲಿಟರಿಯವರು' ಎಂದು ಮೂಗು ಮುರಿಯುತ್ತಿದ್ದ ಬೀದಿಯ ಹೆಂಗಸರು ಒಂದೇ ತಿಂಗಳಲ್ಲಿ 'ನಮ್ಮ ಮಿಲಿಟರಿಯವರು' ಎನ್ನತೊಡಗಿದರು.

ಮೂವರೂ ಮನೆಯವರನ್ನೆಲ್ಲ ಮೆಜೆಸ್ಟಿಕ್ ಕಡೆಗೆ ಮ್ಯಾಟಿನಿಗೆ ಕರೆದೊಯ್ದದ್ದೂ ಆ ದಿನಗಳಲ್ಲೇ. ಪುಟ್ಟಣ್ಣ ಕಣಗಾಲರ 'ಎಡಕಲ್ಲು ಗುಡ್ಡದ ಮೇಲೆ' ಅದೇ ವರ್ಷ ಬಂದಿತ್ತು. 'ಮಿಲಿಟರಿಯವರ ಕಥೆಯಂತೆ' ಎಂದಷ್ಟೇ ತಿಳಿದು ಉತ್ಸಾಹದಿಂದ ಹೋದರು. ಯುದ್ಧದಲ್ಲಿ ಗಾಯಗೊಂಡು ಬಂದ ಗಂಡ, ಅವನ ಹೆಂಡತಿ ಮಾಧವಿಯಾಗಿ ಜಯಂತಿ. ಆ ಹೆಂಗಸಿನ ಬೇಗೆ ನಮ್ಮ ಮಕ್ಕಳ ತಲೆಗೆ ಹತ್ತಲಿಲ್ಲ. ದೊಡ್ಡವರು ಮಾತ್ರ ವಾಪಸು ಬರುವಾಗ ಬಸ್ಸಿನಲ್ಲಿ ತುಟಿ ಬಿಚ್ಚಲಿಲ್ಲ. ಇಳಿದ ಮೇಲೆ ಅತ್ತೆ ಮೆಲ್ಲಗೆ ಹೇಳಿದರು: 'ರೀ, ನಿಮಗೆ ಸಾರಿಗೆ ಖಾರ ಜಾಸ್ತಿಯಾದರೆ ಬಾಯಿಬಿಟ್ಟು ಹೇಳಿ.' ಸಿನಿಮಾಕ್ಕೂ ಸಾರಿಗೂ ಏನು ಸಂಬಂಧವೆಂದು ನನಗೆ ತಿಳಿಯಲು ನನ್ನ ಮದುವೆಯೇ ಆಗಬೇಕಾಯಿತು.

ಈಗ ವೈರ್‌ಲೆಸ್ ಮಾಮನ ಕಥೆ. ಅವರು ಬೀದಿಯ ಹುಡುಗರಿಗೆಲ್ಲ ಮೋರ್ಸ್ ಸಂಕೇತ ಕಲಿಸಿದ್ದರು. ಚಿಕ್ಕ ತಟ್ಟು, ಉದ್ದ ತಟ್ಟು, ಇವೆರಡರಲ್ಲೇ ಇಡೀ ಅಕ್ಷರಮಾಲೆ. ಪಕ್ಕದ ಬೀದಿಯ ಪ್ರೈಮರಿ ಶಾಲೆಯಲ್ಲಿ ಟೀಚರೊಬ್ಬರಿದ್ದರು. ವಯಸ್ಸು ಇಪ್ಪತ್ತೇಳು, ಆಗಿನ ಲೆಕ್ಕದಲ್ಲಿ 'ದಾಟಿದ' ವಯಸ್ಸು. ಒಂದು ಸಂಜೆ ಅವರು ನೇರವಾಗಿ ನಮ್ಮ ಕಾಂಪೌಂಡಿಗೆ ಬಂದರು.

'ಹುಡುಗರಿಗೆ ಕಾಪಿ ಹೊಡೆಯೋಕೆ ಟ್ರೈನಿಂಗ್ ಕೊಡ್ತಿರೋರು ನೀವೇನಾ? ಪರೀಕ್ಷೆಯಲ್ಲಿ ಪೆನ್ಸಿಲು ಕುಟ್ಟಿ ಉತ್ತರ ಕಳಿಸ್ತಾರೆ.'

ವೈರ್‌ಲೆಸ್ ಮಾಮ ಅಟೆನ್ಷನ್‌ನಲ್ಲಿ ನಿಂತರು. 'ಯಾವ ಉತ್ತರ ಕಳಿಸಿದರು ಟೀಚರ್?'

'ಹದಿನೇಳು.'

'ಈ ಕಡೆಯವನು ಏನು ಬರೆದ?'

'ಹದಿನೇಳೇ. ಸರಿ ಉತ್ತರ ಹತ್ತೊಂಬತ್ತು.'

'ಹಾಗಿದ್ದರೆ ಸಿಗ್ನಲ್ ಸರಿಯಾಗಿಯೇ ಹೋಗಿದೆ. ಲೆಕ್ಕ ನಿಮ್ಮ ಡಿಪಾರ್ಟ್‌ಮೆಂಟು.'

ಟೀಚರು ನಗಬಾರದೆಂದು ತುಟಿ ಕಚ್ಚಿದ್ದನ್ನು ನಾನು ಕಂಡೆ. ಆಮೇಲೆ ವೈರ್‌ಲೆಸ್ ಮಾಮನ ಸೈಕಲ್ಲು ದಿನಾ ಸಂಜೆ ಟೀಚರ ಮನೆಯ ಮುಂದೆ ಹಾದುಹೋಗತೊಡಗಿತು. ಬೆಲ್ಲು ಒಮ್ಮೆ ಗಿಡ್ಡ, ಒಮ್ಮೆ ಉದ್ದ. ಬಲು ಗುಟ್ಟಿನ ಏರ್ಪಾಡೆಂದು ಅವರಿಬ್ಬರೂ ತಿಳಿದಿದ್ದರು. ಆದರೆ ಬೀದಿಯ ಹುಡುಗರಿಗೆಲ್ಲ ಆ ವಿದ್ಯೆ ಕಲಿಸಿದ್ದವರೇ ಅವರಲ್ಲವೇ? ಬೆಲ್ಲು ಬಾರಿಸಿ ಮುಗಿಯುವ ಮುಂಚೆ ಏಳು ವರ್ಷದ ಪೋರನೊಬ್ಬ ಗೇಟಿನ ಮೇಲೆ ಕುಳಿತು ಅದನ್ನು ಎಲ್ಲರಿಗೂ ಕೇಳುವ ಹಾಗೆ ಓದಿ ಹೇಳುತ್ತಿದ್ದ.

ಟೀಚರ ತಂದೆಗೂ ಸುದ್ದಿ ಮುಟ್ಟಿತು. ಅವರು ಒಳ್ಳೆಯ ಮನುಷ್ಯರೇ. ಆದರೆ ಹೆಣ್ಣು ಹೆತ್ತವರ ಭಯ ಯಾರಿಗೆ ತಿಳಿಯದು? 'ಮಿಲಿಟರಿಯವನು, ಕುಡೀತಾನೆ. ಅದೂ ಹೋಗಲಿ, ಕೆಲಸವಿಲ್ಲ. ನಾಲ್ಕು ಜನ ಕೇಳಿದರೆ ಅಳಿಯ ಏನು ಮಾಡಿಕೊಂಡಿದ್ದಾನೆ ಅಂತ ಹೇಳಲಿ?' ಟೀಚರು ತಲೆ ತಗ್ಗಿಸಿಯೇ ಉತ್ತರ ಕೊಟ್ಟರಂತೆ: 'ನನಗೆ ಕೆಲಸ ಇದೆಯಲ್ಲ ಅಪ್ಪ.' ಆಗ ಈ ಮಾತು ಮನೆತನದ ಮರ್ಯಾದೆಗೆ ಹಾಕಿದ ಬಾಂಬು. ಒಂದು ತಿಂಗಳು ಟೀಚರು ಶಾಲೆ ಬಿಟ್ಟರೆ ಮನೆ ಎಂಬಂತಾಯಿತು. ಸೈಕಲ್ ಬೆಲ್ಲು ನಿಂತಿತು. ಸದಾ ನಗುತ್ತಿದ್ದ ವೈರ್‌ಲೆಸ್ ಮಾಮ ಇಸ್ಪೀಟಿನ ಎಲೆಯನ್ನೂ ತಪ್ಪಾಗಿ ಹಾಕತೊಡಗಿದರು.

ಆಗ ಅತ್ತೆ ಮಡಿಸಿಟ್ಟ ಸೀರೆ ಉಟ್ಟು, ತಾಂಬೂಲದ ತಟ್ಟೆ ಹಿಡಿದು, ನನ್ನನ್ನು ಜೊತೆಗೆ ಕರೆದುಕೊಂಡು ಟೀಚರ ಮನೆಗೆ ಹೋದರು. ನಡುಮನೆಯ ಚಾಪೆಯ ಮೇಲೆ ಕುಳಿತು ಅವರಾಡಿದ ಮಾತು ನನಗೆ ಇನ್ನೂ ನೆನಪಿದೆ: 'ಯಜಮಾನರೇ, ನಾನು ಕೆಲಸವಿದ್ದ ಗಂಡನ್ನೇ ಮದುವೆಯಾದೆ. ತಿಂಗಳು ತಿಂಗಳು ಸಂಬಳ ಬಂತು. ಹನ್ನೊಂದು ವರ್ಷ ನಾನು ಸಂಸಾರ ಮಾಡಿದ್ದು ಕಾಗದದ ಜೊತೆ. ಎಪ್ಪತ್ತೊಂದರ ಡಿಸೆಂಬರಿನಲ್ಲಿ ಹದಿಮೂರು ದಿನ ರೇಡಿಯೋ ಪಕ್ಕದಲ್ಲೇ ಕೂತಿದ್ದೆ. ಪೋಸ್ಟ್‌ಮ್ಯಾನ್ ಬಂದರೆ ಬಾಗಿಲು ತೆಗೆಯೋಕೆ ಕೈ ಬರ್ತಿರಲಿಲ್ಲ. ಈ ಹುಡುಗ ಅದನ್ನೆಲ್ಲ ಮುಗಿಸಿ ಬಂದಿದ್ದಾನೆ. ನಿಮ್ಮ ಮಗಳು ಕಾಯೋ ಹಾಗಿಲ್ಲ, ಸಂಜೆಯಾದರೆ ಮನೆಗೆ ಬರ್ತಾನೆ. ಕೆಲಸ ಇವತ್ತಲ್ಲ ನಾಳೆ ಸಿಗುತ್ತೆ. ಸಂಜೆ ಮನೆಗೆ ಬರೋ ಗಂಡ ನನಗೆ ಸಿಕ್ಕಿದ್ದು ಮೂವತ್ತು ಹತ್ತಿರ ಬಂದ ಮೇಲೆ.' ಟೀಚರ ತಾಯಿ ಒಳಗಿನಿಂದ ಕಾಫಿ ತಂದರು. ಕಾಫಿ ಬಂದರೆ ಅರ್ಧ ಒಪ್ಪಿದ ಹಾಗೆ.

1974ರ ಬೇಸಿಗೆಯಲ್ಲಿ ಮದುವೆಯಾಯಿತು. ರೇಷನ್ ಸಾಲಿನ ಹೆಂಗಸರು ತಮ್ಮ ತಮ್ಮ ಕಾರ್ಡಿನ ಸಕ್ಕರೆ ಸೇರಿಸಿ ಮದುವೆಯ ಲಾಡುವಿಗೆ ಕೊಟ್ಟರು. ಮೂರು ತಿಂಗಳಿಗೆ ವೈರ್‌ಲೆಸ್ ಮಾಮನಿಗೆ ದೂರವಾಣಿ ನಗರದ ಐ.ಟಿ.ಐ. ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಡ್ರೈವರ್ ಮಾಮ ಬಿ.ಟಿ.ಎಸ್. ಬಸ್ಸಿನ ಸ್ಟೇರಿಂಗ್ ಹಿಡಿದರು. ಕೊನೆಗೆ ಮಾವನಿಗೂ ಒಂದು ಕಾರ್ಖಾನೆಯ ಮೆಂಟೆನೆನ್ಸ್ ವಿಭಾಗದಲ್ಲಿ ಜಾಗ ದೊರೆಯಿತು. ಎಚ್.ಎ.ಎಲ್., ಐ.ಟಿ.ಐ., ಎಚ್.ಎಂ.ಟಿ., ಬಿ.ಇ.ಎಲ್. ಎಂದು ಬೆಂಗಳೂರಿನ ತುಂಬ ಸರ್ಕಾರಿ ಕಾರ್ಖಾನೆಗಳ ಸೈರನ್ನು ಕೂಗುತ್ತಿದ್ದ ಕಾಲ ಅದು. ಬಗಲ್ ಬಿಟ್ಟು ಬಂದವರಿಗೆ ಸೈರನ್ನು ಕಷ್ಟವಾಗಲಿಲ್ಲ.

ಎಲ್ಲರಿಗೂ ಹೀಗೆ ಸುಸೂತ್ರವಾಯಿತೆಂದು ಹೇಳಲಾರೆ. ಎರಡನೆಯ ಮಹಾಯುದ್ಧ ಮುಗಿದ 1945ರಲ್ಲಿ ಭಾರತದ ಸೈನ್ಯದಲ್ಲಿ 25 ಲಕ್ಷ ಜನರಿದ್ದರು. ಅವರಲ್ಲಿ ಬಹುಪಾಲು ಜನ ಸಮವಸ್ತ್ರ ಕಳಚಿ ಊರಿಗೆ ಮರಳಬೇಕಾಯಿತು. 1962ರ ನಂತರ 'ಎಮರ್ಜೆನ್ಸಿ ಕಮಿಷನ್' ಕೊಟ್ಟು ಅವಸರದಲ್ಲಿ ಸೇರಿಸಿಕೊಂಡ ಕಿರಿಯ ಅಧಿಕಾರಿಗಳನ್ನು ಕೆಲವೇ ವರ್ಷದಲ್ಲಿ ಹೊರಗೆ ಕಳಿಸಿದರು. ಅವರಿಗೆಂದು ಸರ್ಕಾರಿ ಹುದ್ದೆಗಳಲ್ಲಿ ಜಾಗ ಮೀಸಲಿಡಬೇಕಾಯಿತು. ನಮ್ಮ ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರು ತಾವು ನಿವೃತ್ತರಾದ ಮೇಲೂ ಮಾಜಿ ಸೈನಿಕರ ಸಂಘಟನೆಗೆಂದು ಊರೂರು ತಿರುಗಿದವರು.

ಕೆಲಸ ಬಿಟ್ಟು ಬಂದ ಯೋಧರ ಮಾತು ಬಂದರೆ ಕ್ಯಾಪ್ಟನ್ ಗೋಪಿನಾಥರನ್ನು ನೆನೆಯದಿರಲಾದೀತೇ? 1971ರ ಯುದ್ಧ ಕಂಡ ಗೊರೂರಿನ ಹುಡುಗ. ಎಂಟು ವರ್ಷಕ್ಕೇ ಸೈನ್ಯ ಬಿಟ್ಟರು. ಕುಟುಂಬದ ಜಮೀನು ಹೇಮಾವತಿ ಅಣೆಕಟ್ಟಿನಲ್ಲಿ ಮುಳುಗಿ, ಬದಲಿಗೆ ಸಿಕ್ಕಿದ್ದ ಬರಡು ನೆಲದಲ್ಲಿ ಟೆಂಟು ಹೊಡೆದುಕೊಂಡು ರೇಷ್ಮೆ ಬೆಳೆಯಲು ಕುಳಿತರು. ಟೆಂಟಿನಲ್ಲಿರುವ ಗಂಡಿಗೆ ಹೆಣ್ಣು ಕೊಡಲು ಎಂಥ ಎದೆ ಬೇಕು, ಯೋಚಿಸಿ ನೋಡಿ. ಅವರೇ ಮುಂದೆ 2003ರಲ್ಲಿ ಏರ್ ಡೆಕ್ಕನ್ ಶುರುಮಾಡಿ, ಬಸ್ಸಿನಲ್ಲಿ ಓಡಾಡುತ್ತಿದ್ದವರನ್ನು ವಿಮಾನ ಹತ್ತಿಸಿದರು. 2009ರಲ್ಲಿ ನಮ್ಮ ಬೆಂಗಳೂರು ದಕ್ಷಿಣದಿಂದಲೇ ಲೋಕಸಭೆಗೆ ಪಕ್ಷೇತರರಾಗಿ ನಿಂತು ಸೋತರು. ಅವರ ಬಾಳಿನ ಸ್ಫೂರ್ತಿಯಿಂದ ಸುಧಾ ಕೊಂಗರ 2020ರಲ್ಲಿ ತೆಗೆದ ತಮಿಳು ಚಿತ್ರ 'ಸೂರರೈ ಪೋಟ್ರು'. ಅದರಲ್ಲಿ ನಾಯಕ ಕೈ ಖಾಲಿಯಾಗಿ ಅಲೆಯುವಾಗ ನಾಯಕಿ ಬೇಕರಿ ನಡೆಸುತ್ತಾಳೆ. ಆ ಬೇಕರಿಯ ಒಲೆ ನೋಡಿದಾಗ ನನಗೆ ಅತ್ತೆಯ ಹೊಲಿಗೆ ಮಷೀನು ನೆನಪಾಯಿತು.

ಮೂವರು ಯೋಧರು ನಗುನಗುತ್ತಾ ಇದ್ದರೆಂದೆ. ನಗು ಸುಳ್ಳಲ್ಲ. ಆದರೆ ನಗು ಮುಚ್ಚಿಟ್ಟದ್ದೂ ಇತ್ತು. ಮಾವ ಅತ್ತೆಯನ್ನು ಸಂಜೆ ಲಾಲ್‌ಬಾಗಿಗೆ ಕರೆದೊಯ್ಯುತ್ತಿದ್ದರು. ಹೋಗುವಾಗ ಯಾವಾಗಲೂ ಅತ್ತೆಗಿಂತ ಹತ್ತು ಹೆಜ್ಜೆ ಮುಂದೆ, ನೆಲ ನೋಡುತ್ತಾ ನಡೆಯುವರು. ಹುಲ್ಲಿನ ಮೇಲೆ ಕಾಲಿಡುತ್ತಿರಲಿಲ್ಲ, ಹೊಸದಾಗಿ ಅಗೆದ ಮಣ್ಣು ಕಂಡರೆ ಬಳಸಿ ಹೋಗುವರು. 'ಹೆಂಡತಿ ಜೊತೆ ನಡೆಯೋಕೆ ನಾಚಿಕೆ ಇರಬೇಕು' ಎಂದು ಅತ್ತೆ ಮೊದಮೊದಲು ನೊಂದುಕೊಂಡರು. ಆಮೇಲೆ ಒಂದು ದಿನ ಡ್ರೈವರ್ ಮಾಮ ಬಾಯಿಬಿಟ್ಟರು. ಯುದ್ಧ ನಿಂತ ಮೇಲೂ ಪಶ್ಚಿಮದ ಗಡಿಯ ಗೋಧಿ ಹೊಲಗಳಲ್ಲಿ ಹೂತಿದ್ದ ಮೈನುಗಳನ್ನು ಒಂದೊಂದಾಗಿ ತೆಗೆಯುವ ಕೆಲಸ ಸ್ಯಾಪರುಗಳದು. ಮಾವನ ಜೊತೆಗಾರನೊಬ್ಬ ಮಾವನ ಕಣ್ಣೆದುರಿಗೇ ಹೋದದ್ದು ಹಾಗೆ, ಶಾಂತಿಯ ಕಾಲದಲ್ಲಿ. ಮಾವ ಮುಂದೆ ನಡೆಯುತ್ತಿದ್ದುದು ಅತ್ತೆಗೆ ದಾರಿ ನೋಡಲು.

ಅತ್ತೆ ಅದನ್ನು ತಿಳಿದೂ ಏನೂ ಹೇಳಲಿಲ್ಲ. ಸುಮಾರು ಒಂದು ವರ್ಷ ಗಂಡ ಹೆಜ್ಜೆಯಿಟ್ಟಲ್ಲೇ ಹೆಜ್ಜೆಯಿಟ್ಟು ಹಿಂದೆ ನಡೆದರು. ಆಮೇಲೆ ದಿನಕ್ಕೊಂದಿಷ್ಟು ಹತ್ತಿರವಾಗುತ್ತ ಬಂದರು. ಅವರು ಪಕ್ಕಕ್ಕೆ ಬಂದು, ಹುಲ್ಲಿನ ಮೇಲೆ ಚಪ್ಪಲಿ ಬಿಟ್ಟು ನಿಂತು, 'ಏನೂ ಇಲ್ಲ, ಬನ್ನಿ, ಕೂತುಕೊಳ್ಳೋಣ' ಎಂದು ಕೈಹಿಡಿದು ಕೂರಿಸಿದ ಸಂಜೆ ನಾನೂ ಕಡಲೆಕಾಯಿ ತಿನ್ನುತ್ತಾ ಅಲ್ಲೇ ಇದ್ದೆ. ಸಿನಿಮಾದಲ್ಲಾದರೆ ಅಲ್ಲೊಂದು ಹಾಡು ಇರುತ್ತಿತ್ತು.

ಮಾವ 2011ರಲ್ಲಿ ತೀರಿಕೊಂಡರು. ಅತ್ತೆಗೆ ಈಗ ಎಂಬತ್ತು ದಾಟಿದೆ. ಕುಟುಂಬ ಪಿಂಚಣಿ ಬರುತ್ತದೆ, ಲೆಕ್ಕ ಅದೇ ಥರದ ನೋಟುಪುಸ್ತಕದಲ್ಲಿ. ಮೊನ್ನೆ ನಾನು 'ಮಾವ ಇದ್ದಿದ್ದರೆ' ಎಂದು ಏನೋ ಹೇಳಹೊರಟರೆ ತಡೆದರು. 'ಮೂವತ್ತೆಂಟು ವರ್ಷ ಒಂದೇ ಸಮನೆ ರಜೆ ಹಾಕಿ ಮನೆಯಲ್ಲಿದ್ದರು ಕಣೇ. ಯಾವ ಪಲ್ಟನ್ನಿನಲ್ಲಿ ಕೊಡ್ತಾರೆ ಅಷ್ಟು ರಜೆ?'

ಈ ಹಳೆಯ ಕಥೆಯನ್ನು ಈಗ ತೆಗೆದದ್ದಕ್ಕೆ ಕಾರಣವಿದೆ. 2022ರಲ್ಲಿ ಅಗ್ನಿಪಥ ಯೋಜನೆ ಬಂತು. ಸೇವೆ ತರಬೇತಿಯೂ ಸೇರಿ ನಾಲ್ಕು ವರ್ಷ. ಯೋಜನೆ ಪ್ರಕಟವಾದಾಗ ಹೇಳಿದ ಪ್ರಕಾರ ನಾಲ್ವರಲ್ಲಿ ಒಬ್ಬನವರೆಗೆ ಸೈನ್ಯದಲ್ಲಿ ಉಳಿಸಿಕೊಳ್ಳುತ್ತಾರೆ. ಮಿಕ್ಕವರು ಸುಮಾರು 11.71 ಲಕ್ಷ ರೂಪಾಯಿಯ ಸೇವಾ ನಿಧಿ ಹಿಡಿದು ಊರಿಗೆ ಬರಬೇಕು, ಪಿಂಚಣಿಯಿಲ್ಲ. ಮೊದಲ ತಂಡ ತರಬೇತಿಗೆ ಹೋದದ್ದು 2022ರ ಕೊನೆ, 2023ರ ಆರಂಭದಲ್ಲಿ. ಅಂದರೆ ಅವರ ನಾಲ್ಕು ವರ್ಷ ತುಂಬುವುದು 2026-27ರಲ್ಲಿ. ಮಾವ ಮೂವತ್ತೈದಕ್ಕೆ ಬಂದರು, ಈ ಹುಡುಗರು ಅದಕ್ಕಿಂತಲೂ ಚಿಕ್ಕ ವಯಸ್ಸಿಗೇ ಬರುತ್ತಾರೆ. ಅವರ ನೌಕರಿಯ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ಆಡಬೇಕಾದದ್ದೇ. ಆದರೆ ನೌಕರಿ ಸಿಕ್ಕಿದ ಮಾತ್ರಕ್ಕೆ ಮನೆಗೆ ಬಂದ ಹಾಗಾಗುವುದಿಲ್ಲವೆಂದು ನಮ್ಮ ಔಟ್‌ಹೌಸಿನಲ್ಲಿ ನಾನು ಕಂಡಿದ್ದೇನೆ. ಬಂದವನಿಗೆ ಸ್ವಲ್ಪ ಕಾಲ ಬೇಕು. ಅವನಿಲ್ಲದಾಗ ಮನೆ ನಡೆಸಿದವಳ ಲೆಕ್ಕದ ಪುಸ್ತಕವನ್ನು ಅವನು ಓದಬೇಕು.

ಹೋದ ತಿಂಗಳು ನಮ್ಮ ಪರಿಚಯದವರೊಬ್ಬರು ಅತ್ತೆಯ ಹತ್ತಿರ ಬಂದಿದ್ದರು. ಅವರ ಮಗಳಿಗೆ ಅಗ್ನಿವೀರನೊಬ್ಬನ ಸಂಬಂಧ ಬಂದಿದೆಯಂತೆ. ಹುಡುಗ ಒಳ್ಳೆಯವನು, ಆದರೆ ನಾಲ್ಕು ವರ್ಷದ ಮೇಲೆ ಏನು ಗತಿ ಎಂದು ಅವರ ಚಿಂತೆ. ಮಿಲಿಟರಿಯವರ ಮನೆಯಾಕೆ, ನೀವೇ ಹೇಳಿ ಎಂದು ಕೇಳಿದರು. ಅತ್ತೆ ಕನ್ನಡಕ ತೆಗೆದು ಒರೆಸಿದರು.

'ಹುಡುಗಿಗೆ ಕೆಲಸ ಇದೆಯಾ?'

'ಇದೆ. ಬ್ಯಾಂಕಿನಲ್ಲಿ.'

'ಅದನ್ನ ಬಿಡಬೇಡ ಅನ್ನಿ. ಅವನು ಬಂದ ಮೇಲೆ ಒಂದು ವರ್ಷ ಮುಂದೇನು ಮುಂದೇನು ಅಂತ ಪೀಡಿಸಬೇಡಿ. ಅಡುಗೆಮನೆ ಡಬ್ಬಿಗೆ ಮಾತ್ರ ಕೈ ಹಾಕೋಕೆ ಬಿಡಬೇಡಿ. ಬೇಜಾರು ಅಂದರೆ ರೇಷನ್ ಅಂಗಡಿಗೆ ಕಳಿಸಿ.'